ಮೇಲಿನ ಕೋಣೆಯವಳು

ಜನಕಪುರಿ, ನವದೆಹಲಿ
೧೨ ನವೆಂಬರ್ ೨೦೦೬

ಪ್ರೀತಿಯ ಅಪ್ಪ,

ಸಿನಿಮಾ ಮುಗಿಯಿತು. ಮೂರು ವಾರ ನೋಯ್ಡಾದ ಕಾಲೇಜಿನ ಎಡಿಟಿಂಗ್ ರೂಮಿನಲ್ಲೇ ಕೂತಿದ್ದೆ. ಸಂಜೆ ಎರಡು ಬಸ್ಸು ಬದಲಿಸಿ ಮನೆಗೆ ಬಂದು, ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದೆ. ಮನೆಯಲ್ಲಿ ಕೊಡವ ತಕ್ಕ್, ಕಾಗದದಲ್ಲಿ ಕನ್ನಡ ಅನ್ನುವುದು ನೀವೇ ಮಾಡಿದ ಕಾನೂನು. ಹಾಗಾಗಿ ಇಲ್ಲಿರುವ ತಪ್ಪುಗಳನ್ನೆಲ್ಲ ನೀವೇ ಹೊಟ್ಟೆಗೆ ಹಾಕಿಕೊಳ್ಳಬೇಕು.

ಇಪ್ಪತ್ತೆರಡು ನಿಮಿಷದ ಹಾರರ್ ಸಿನಿಮಾ. ಹೆಸರು ‘ಊಪರ್‌ವಾಲೀ’, ಅಂದರೆ ಮೇಲಿನ ಮನೆಯವಳು. ದೆಹಲಿಯ ಒಂದು ಮನೆ. ತಾರಸಿಯ ಮೇಲಿನ ಒಂಟಿ ಕೋಣೆಗೆ ಒಬ್ಬಳು ಬಾಡಿಗೆಗೆ ಬರುತ್ತಾಳೆ. ಎಲ್ಲಿಂದ ಬಂದಳೋ, ಯಾವ ಭಾಷೆಯವಳೋ ಯಾರಿಗೂ ಗೊತ್ತಿಲ್ಲ. ಅವಳ ಒಲೆಯಿಂದ ಒಂದು ವಾಸನೆ ಇಳಿದು ಬರುತ್ತದೆ. ಮೊದಲು ಬೀದಿಯ ನಾಯಿ ಕಾಣೆಯಾಗುತ್ತದೆ, ಆಮೇಲೆ ಪಕ್ಕದ ಮನೆಯ ಮಗು. ಕೊನೆಗೆ ಮನೆಯ ಮಾಲ್ಕಿನ್, ಅಂದರೆ ಒಡತಿ, ಮೂಗಿಗೆ ದುಪಟ್ಟಾ ಹಿಡಿದುಕೊಂಡು ಮೆಟ್ಟಿಲು ಹತ್ತಿ, ಅವಳ ಪಾತ್ರೆಯ ಮುಚ್ಚಳ ತೆಗೆಯುತ್ತಾಳೆ. ಮುಂದಿನದನ್ನು ಹೇಳುವುದಿಲ್ಲ, ನೀವೇ ನೋಡಿ.

ಅವಳಾಗಿ ನಟಿಸಿದ್ದು ನಮ್ಮ ತಾರಸಿಯ ಕೋಣೆಯ ರಿನ್‌ಪುಯಿ. ನೀವು ಕಳೆದ ರಜೆಯಲ್ಲಿ ನೋಡಿದ್ದೀರಿ, ಮಿಜೋರಾಮಿನ ಹುಡುಗಿ, ಕರೋಲ್ ಬಾಗಿನ ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಕಾಲೊನಿಯಲ್ಲಿ ಎಲ್ಲರೂ ರೀನಾ ಅನ್ನುತ್ತಾರೆ. ಸೋಮವಾರ ಅವಳಿಗೆ ರಜೆ. ನಾಲ್ಕು ಸೋಮವಾರ ಪೂರ್ತಿ ನನಗೆ ಕೊಟ್ಟಳು. ಅವಳಿಗೆ ಡೈಲಾಗ್ ಇಲ್ಲ, ಮುಖವೊಂದೇ ಸಾಕು ಅಂತ ನಮ್ಮ ಸರ್ ಹೇಳಿದ್ದರು.

ಕಾಲೇಜಿನಲ್ಲಿ ತೋರಿಸಿದಾಗ ಮುಂದಿನ ಸಾಲಿನ ಹುಡುಗಿಯರು ಕಿರುಚಿದರು. ಕ್ಲಾಸಿಗೇ ಫಸ್ಟ್ ಬಂದೆ ಅಪ್ಪ. ಅವ್ವನೂ ಬಂದಿದ್ದರು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ತಿರುಗಿಕೊಂಡೇ ಇದ್ದರು. ಶಾಲೆಯ ಮೈದಾನದಲ್ಲಿ ಮುನ್ನೂರು ಮಕ್ಕಳಿಗೆ ಡ್ರಿಲ್ ಮಾಡಿಸುವ ಟೀಚರ್, ಮನೆಗೆ ಬಂದು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದರು.

ಸಿಡಿ ಇಟ್ಟಿದ್ದೇನೆ. ನಿಮ್ಮ ಹುಡುಗರಿಗೆಲ್ಲ ತೋರಿಸಿ.

ನಿಮ್ಮ
ಬೃಂದಾ

*

ಮಾರ್ಫತ್ ೫೬ ಎ.ಪಿ.ಓ.
೨೪ ಡಿಸೆಂಬರ್ ೨೦೦೬

ಪ್ರೀತಿಯ ಬೃಂದಾ,

ನಿನ್ನ ಪಾರ್ಸೆಲ್ ತಲುಪಲು ತಿಂಗಳಾಯಿತು. ಹಿಮ ಬಿದ್ದು ರಸ್ತೆ ಮುಚ್ಚಿದೆ, ವಿಮಾನ ಬಂದ ದಿನ ಟಪಾಲು. ಫೋನಿನಲ್ಲಿ ಮಾತಾಡಬಹುದಿತ್ತು. ಆದರೆ ಇಲ್ಲಿ ಫೋನ್ ಹಿಡಿದವನ ಬೆನ್ನ ಹಿಂದೆ ಹತ್ತು ಜನ ಕಾಯುತ್ತಿರುತ್ತಾರೆ. ಇದು ಅವರೆದುರು ಆಡುವ ಮಾತಲ್ಲ.

ಹೋದ ಭಾನುವಾರ ಟಿವಿ ಕೋಣೆಯಲ್ಲಿ ಮೂವತ್ತು ಜನ ಕೂತು ನೋಡಿದೆವು. ಕೆಲಸ ಅಚ್ಚುಕಟ್ಟಾಗಿದೆ. ನಾನೇ ಎರಡು ಸಲ ಬೆಚ್ಚಿಬಿದ್ದೆ. ಸುಬೇದಾರ್ ಸಾಹೇಬರ ಮಗಳ ಸಿನಿಮಾ ಅಂತ ಹುಡುಗರು ಚಪ್ಪಾಳೆ ತಟ್ಟಿದರು. ನನಗೂ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ.

ನನ್ನ ಪಕ್ಕದಲ್ಲಿ ಹವಾಲ್ದಾರ್ ಲಿಯಾನಾ ಕೂತಿದ್ದ. ಅವನ ಬಗ್ಗೆ ನಿನಗೆ ಬರೆದಿದ್ದೇನೆ. ನಾಲ್ಕು ವರ್ಷದಿಂದ ಜೊತೆಗಿದ್ದೇವೆ, ಅವನೂ ಮಿಜೋರಾಮಿನವನು. ಅವನ ಮನೆಯಿಂದ ಒಣಗಿಸಿದ ಬಿದಿರಿನ ಕಳಲೆ ಬರುತ್ತದೆ, ನಮ್ಮ ಬೈಂಬಳೆಯೇ. ನನ್ನ ಹತ್ತಿರ, ಸಾರಿಗೆ ಹುಳಿಗೆಂದು ನಿನ್ನವ್ವ ಕಳಿಸಿದ ಕಾಚಂಪುಳಿ ಇರುತ್ತದೆ. ಭಾನುವಾರ ಇಬ್ಬರೂ ಸೇರಿ ಅಡುಗೆ ಮಾಡಿ ಹುಡುಗರಿಗೂ ಬಡಿಸುತ್ತಿದ್ದೆವು. ಸಿನಿಮಾದಲ್ಲಿ ನಾಯಿ ಕಾಣೆಯಾದಾಗ ಹಿಂದಿನಿಂದ ಯಾರೋ ನಕ್ಕರು. ಮುಚ್ಚಳ ತೆಗೆದಾಗ ಒಬ್ಬ ಎಳೆಯ ಸಿಪಾಯಿ, ‘ಲಿಯಾನಾ ಉಸ್ತಾದ್, ಇನ್ನು ಮೇಲೆ ನಿಮ್ಮ ಕೈಯಡುಗೆ ಬೇಡಪ್ಪಾ’ ಅಂದ. ಎಲ್ಲರೂ ನಕ್ಕರು. ಲಿಯಾನಾ ಕೂಡ ನಕ್ಕ. ನಾನು ಅವನ ಮುಖ ನೋಡಲಿಲ್ಲ.

ಈ ಭಾನುವಾರ ಅಡುಗೆಗೆ ಕರೆದೆ. ಗ್ಯಾಸ್ ಕಡಿಮೆ ಇದೆ ಸಾಬ್ ಅಂದ. ಗ್ಯಾಸ್ ಇತ್ತು.

ಇನ್ನೊಂದು ವಿಷಯ. ಅವನ ಹಿರಿಮಗಳು ಬರುವ ಜೂನಿನಲ್ಲಿ ಕಾಲೇಜಿಗೆಂದು ದೆಹಲಿಗೆ ಬರುವವಳಿದ್ದಳು. ನಿಮ್ಮ ಮನೆಯ ಹತ್ತಿರವೇ ಒಂದು ಕೋಣೆ ನೋಡಿ ಸಾಬ್, ನಿಮ್ಮ ಮಗಳು ಜೊತೆಗಿದ್ದರೆ ನನಗೆ ಧೈರ್ಯ ಅಂತ ಅಕ್ಟೋಬರಿನಲ್ಲಿ ಕೇಳಿದ್ದ. ನಾನು ಮಾತು ಕೊಟ್ಟಿದ್ದೆ. ಈಗ ಅವನು ಆ ಸುದ್ದಿ ಎತ್ತುತ್ತಿಲ್ಲ.

ನಾನು ಸಿನಿಮಾ ಕಲಿತವನಲ್ಲ. ಎರಡು ಪ್ರಶ್ನೆ ಮಾತ್ರ ಕೇಳುತ್ತೇನೆ. ಮಾಲ್ಕಿನ್‌ಗೆ ಹೆಸರಿದೆ, ಮಗುವಿಗೆ ಹೆಸರಿದೆ, ಕಾಣೆಯಾದ ನಾಯಿಗೂ ಹೆಸರಿದೆ. ಆ ಹುಡುಗಿಗೆ ಯಾಕೆ ಹೆಸರಿಲ್ಲ? ಮತ್ತೆ ಆ ಪಾತ್ರೆ. ಅಂಚು ನೆಗ್ಗಿದ ಆ ಅಲ್ಯೂಮಿನಿಯಂ ಪಾತ್ರೆ ನಮ್ಮದು. ಮೂಗಿಗೆ ಬಟ್ಟೆ ಹಿಡಿದು, ಇಕ್ಕಳದಲ್ಲಿ ಮುಚ್ಚಳ ಎತ್ತುವುದು, ಮೆಟ್ಟಿಲಲ್ಲಿ ನಾಲ್ಕು ಜನ ನಿಂತು ನೋಡುವುದು, ಇದೆಲ್ಲ ಕೂತು ಕಟ್ಟಿದ ಕಥೆಯ ಹಾಗೆ ಕಾಣಲಿಲ್ಲ. ನೀನು ಎಲ್ಲಿ ನೋಡಿದೆ?

ಚಳಿಗೆ ಬೆರಳು ಸೆಟೆಯುತ್ತಿದೆ. ನಿಲ್ಲಿಸುತ್ತೇನೆ.

ನಿನ್ನ ಅಪ್ಪ
ಮಾಚಯ್ಯ

*

ಜನಕಪುರಿ
೧೪ ಜನವರಿ ೨೦೦೭

ಅಪ್ಪ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಒಂದು ವರ್ಷದ ಕೆಲಸಕ್ಕೆ ‘ಅಚ್ಚುಕಟ್ಟಾಗಿದೆ’ ಅಂತ ಒಂದು ಮಾತು, ಉಳಿದದ್ದೆಲ್ಲ ಲಿಯಾನಾ ಅಂಕಲ್.

ನಾನು ಯಾರನ್ನೂ ಬೈದಿಲ್ಲ. ಸಿನಿಮಾದಲ್ಲಿ ಎಲ್ಲಿಯೂ ಮಿಜೋರಾಮ್ ಅಂತ ಇಲ್ಲ, ಯಾವ ಊರಿನ ಹೆಸರೂ ಇಲ್ಲ. ಭಯ ಹುಟ್ಟುವುದೇ ಗೊತ್ತಿಲ್ಲದವರಿಂದ. ಹೆಸರು ಕೊಟ್ಟರೆ ಭಯ ಹೋಗಿಬಿಡುತ್ತದೆ, ಅದಕ್ಕೇ ಹೆಸರಿಲ್ಲ. ನೀವು ನೋಡಿದ ದೆವ್ವದ ಸಿನಿಮಾಗಳನ್ನೇ ನೆನಪಿಸಿಕೊಳ್ಳಿ. ಮುದಿ ವಿಧವೆ, ಒಕ್ಕಣ್ಣಿನ ಚೌಕೀದಾರ, ಕಾಡಿನಿಂದ ಬಂದ ಮಂತ್ರವಾದಿ, ಮನೆಗೆಲಸದವಳು. ಯಾವಾಗಲೂ ಹೀಗೇ ಇದೆ. ನಾನು ಶುರು ಮಾಡಿದ್ದಲ್ಲ. ಒಂದು ಪುಟ್ಟ ಸ್ಟೂಡೆಂಟ್ ಫಿಲ್ಮಿನ ಮೇಲೆ ಇಷ್ಟು ಭಾರ ಹೇರಬೇಡಿ.

ಪಾತ್ರೆ ನಮ್ಮದೇ. ಅದನ್ನು ಎಲ್ಲಿ ನೋಡಿದೆ ಅಂದರೆ, ನಮ್ಮ ಮನೆಯಲ್ಲಿ ನೋಡಿದೆ. ರೋಹಿಣಿ ಬಡಾವಣೆಯ ಬಾಡಿಗೆ ಮನೆ, ನನಗಾಗ ಆರು ವರ್ಷ. ನಿಮಗೆ ಗೊತ್ತಿರಬಹುದು ಅಂದುಕೊಂಡಿದ್ದೆ. ಗೊತ್ತಿಲ್ಲದಿದ್ದರೆ ಅವ್ವನನ್ನೇ ಕೇಳಿ, ನನ್ನ ಬಾಯಿಂದ ಬೇಡ.

ಒಂದು ಒಳ್ಳೆಯ ಸುದ್ದಿ ಹೇಳೋಣ ಅಂತ ಕಾಗದ ತೆಗೆದಿದ್ದೆ, ಈಗ ಹೇಳುವ ಉತ್ಸಾಹವಿಲ್ಲ. ಟಿವಿ ಚಾನೆಲ್ ಒಂದು ವಿದ್ಯಾರ್ಥಿಗಳ ಹಾರರ್ ಸಿನಿಮಾಗಳ ಸರಣಿ ಮಾಡುತ್ತಿದೆ. ನನ್ನದನ್ನು ಆರಿಸಿದ್ದಾರೆ. ಏಪ್ರಿಲಿನಲ್ಲಿ ಬರುತ್ತದೆ.

ರಿನ್‌ಪುಯಿ ಮೆಟ್ಟಿಲಲ್ಲಿ ಸಿಕ್ಕಿದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಾಳೆ. ಮಾತಾಡುವುದಿಲ್ಲ. ಯಾಕೋ ಗೊತ್ತಿಲ್ಲ.

ಬೃಂದಾ

*

ಜನಕಪುರಿ
೨೮ ಜನವರಿ ೨೦೦೭

ಬೃಂದಾಳ ಅಪ್ಪನಿಗೆ ಚಿಣ್ಣಮ್ಮ ಮಾಡುವ ನಮಸ್ಕಾರ.

ಪಾತ್ರೆಯ ವಿಷಯ ನೀವು ಕೇಳಿದಿರೆಂದು ಅವಳು ಹೇಳಿದಳು. ಇಷ್ಟು ವರ್ಷ ನನ್ನಲ್ಲೇ ಇತ್ತು. ಈಗ ಅವಳೇ ಪರದೆಯ ಮೇಲೆ ಹಾಕಿ ಊರಿಗೆಲ್ಲ ತೋರಿಸಿದ ಮೇಲೆ ನಿಮ್ಮಿಂದ ಮುಚ್ಚಿಟ್ಟು ಏನಾಗಬೇಕು?

ತೊಂಬತ್ತೆರಡರಲ್ಲಿ ನೀವು ತೇಜ್‌ಪುರದಲ್ಲಿದ್ದಿರಿ. ರೋಹಿಣಿಯ ಮನೆ ಬಿಟ್ಟದ್ದು ನೀರಿನ ತೊಂದರೆಯಿಂದ ಅಂತ ನಿಮಗೆ ಬರೆದೆ. ನೀರು ಚೆನ್ನಾಗಿಯೇ ಬರುತ್ತಿತ್ತು. ನನ್ನ ಅಣ್ಣ ಪೊನ್ನಣ್ಣ ಊರಿಂದ ಬರುವಾಗ ನೀರಿನಲ್ಲಿ ನೆನೆಹಾಕಿದ ಬೈಂಬಳೆ ತಂದಿದ್ದ. ಅದರ ವಾಸನೆ ನಿಮಗೆ ಗೊತ್ತಲ್ಲ. ಅಣ್ಣನಿಗೆ ಇಷ್ಟ ಅಂತ ಹಂದಿ ಮಾಂಸವನ್ನೂ ಮಾಡಿದ್ದೆ. ಮಾರನೆಯ ದಿನ ಅವನು ಹೊರಟ ಮೇಲೆ ಉಳಿದದ್ದನ್ನು ಬಿಸಿಗಿಟ್ಟಿದ್ದೆ. ಕೆಳಗಿನಿಂದ ಮಾಲ್ಕಿನ್ ಬಂದಳು. ಬಾಗಿಲು ಬಡಿಯಲಿಲ್ಲ. ಇಕ್ಕಳದಲ್ಲಿ ಮುಚ್ಚಳ ಎತ್ತಿ, ಇದು ಯಾವ ಪ್ರಾಣಿ ಅಂತ ಕೇಳಿದಳು. ನನಗೆ ಆಗ ಹಿಂದಿ ಅಷ್ಟಕ್ಕಷ್ಟೆ. ಬಾಂಸ್, ಬಾಂಸ್ ಅಂತ ಎರಡು ಸಲ ಹೇಳಿದೆ. ಬಿದಿರನ್ನು ಯಾರು ತಿನ್ನುತ್ತಾರೆ ಅಂದಳು. ಮೆಟ್ಟಿಲಲ್ಲಿ ನಾಲ್ಕು ಮನೆಯವರು ನಿಂತಿದ್ದರು. ನಮ್ಮ ಪಕ್ಕದ ಮನೆಯವಳೂ ಇದ್ದಳು, ದಿನಾ ನನ್ನ ಹತ್ತಿರ ಮೊಸರಿಗೆ ಹೆಪ್ಪು ಕೇಳಿ ಒಯ್ಯುತ್ತಿದ್ದವಳು. ಒಂದು ಮಾತೂ ಆಡಲಿಲ್ಲ. ನಾನೇ ಆ ಪಾತ್ರೆ ಹಿಡಿದು ಅವರ ನಡುವೆ ಇಳಿದು ಹೋಗಿ ಚರಂಡಿಗೆ ಸುರಿದೆ. ಸುರಿ ಅಂತ ಯಾರೂ ಹೇಳಿರಲಿಲ್ಲ. ಮೂರನೆಯ ದಿನಕ್ಕೆ ಮನೆ ಖಾಲಿ ಮಾಡಿದೆ.

ಇನ್ನೊಂದಿದೆ. ಇದನ್ನು ಅವಳಿಗೆ ಹೇಳಬೇಡಿ. ಮಾಲ್ಕಿನ್‌ನ ಮಗಳ ಜೊತೆ ಆಡುತ್ತಿದ್ದ ನಮ್ಮ ಕುಂಞಿ, ಬೃಂದಾ, ಅವರ ಹಿಂದೆಯೇ ಒಳಗೆ ಬಂದಿತ್ತು. ಆ ಹುಡುಗಿ ಮೂಗು ಮುಚ್ಚಿಕೊಂಡಳು. ನಮ್ಮದೂ ನೋಡಿ ಮುಚ್ಚಿಕೊಂಡಿತು. ಆರು ವರ್ಷದ ಮಗು, ಮರೆತಿರಬಹುದು.

ಅವಳ ಸಿನಿಮಾದ ಸಿಡಿ ಈಗ ಕಾಲೊನಿಯಲ್ಲೆಲ್ಲ ಓಡಾಡುತ್ತಿದೆ. ಮಕ್ಕಳು ನಮ್ಮ ಮೆಟ್ಟಿಲ ಹತ್ತಿರ ಬಂದಾಗ ಕೂಗಿಕೊಂಡು ಓಡುತ್ತಾರೆ. ಒಬ್ಬಳು ತಾಯಿ ನಗುತ್ತಲೇ ತನ್ನ ಮಗುವನ್ನು ಎಳೆದುಕೊಂಡಳು, ರಿನ್‌ಪುಯಿ ಕೆನ್ನೆ ಮುಟ್ಟಲು ಹೋದಾಗ. ಹದಿನೈದು ದಿನದ ಹಿಂದೆ ಮಾಲೀಕರು ಅವಳನ್ನು ಖಾಲಿ ಮಾಡಲು ಹೇಳಿದರು. ಊರಿಂದ ನೆಂಟರು ಬರುತ್ತಾರಂತೆ. ಸಿನಿಮಾ ಅನ್ನುವ ಮಾತನ್ನೇ ಎತ್ತಲಿಲ್ಲ. ಆಂಟಿ, ನೀವು ಒಂದು ಮಾತು ಹೇಳಿ ಅಂತ ಅವಳು ನನ್ನನ್ನು ಕೇಳಿಕೊಂಡಳು. ನೋಡೋಣ ಅಂದೆ. ಕೆಳಗಿಳಿದು ಹೋಗಲಿಲ್ಲ. ನಾವೂ ಬಾಡಿಗೆಯವರೇ ಅಲ್ಲವೇ ಅಂತ ನನಗೆ ನಾನೇ ಹೇಳಿಕೊಂಡೆ. ರೋಹಿಣಿಯ ಆ ಪಕ್ಕದ ಮನೆಯವಳೂ ಹೀಗೇ ಹೇಳಿಕೊಂಡಿದ್ದಳೋ ಏನೋ.

ಬುಧವಾರ ಅವಳು ಹೋಗುತ್ತಾಳೆ. ನನಗೆ ತುಂಬ ದಣಿವಾಗಿದೆ. ಶಾಲೆಯಲ್ಲಿ ಸೀಟಿ ಊದಲೂ ಉಸಿರಿಲ್ಲ.

ಕಾಲುಚೀಲ ಎರಡು ಜೊತೆ ಕಳಿಸಿದ್ದೇನೆ.

ಚಿಣ್ಣಮ್ಮ

*

ಮಾರ್ಫತ್ ೫೬ ಎ.ಪಿ.ಓ.
೨೫ ಫೆಬ್ರವರಿ ೨೦೦೭

ಬೃಂದಾ,

ಅವ್ವ ಬರೆದಿದ್ದಾಳೆ. ನನ್ನ ಮನೆಯ ಸುದ್ದಿ ನನಗೆ ಹದಿನೈದು ವರ್ಷ ತಡವಾಗಿ ಬಂತು. ಅಷ್ಟೂ ವರ್ಷ ನಾನು ಸೈನ್ಯದ ಸಿಗ್ನಲ್ಸ್‌ನಲ್ಲಿ ಬೇರೆಯವರಿಗೆ ಸಂದೇಶ ಮುಟ್ಟಿಸುವ ಕೆಲಸದಲ್ಲಿದ್ದೆ. ಅವಳಿಗೆ ಏನು ಉತ್ತರ ಬರೆಯಬೇಕೆಂದು ತಿಳಿಯದೆ ಮೂರು ಕಾಗದ ಹರಿದೆ.

ನಿನ್ನ ಜೊತೆ ವಾದ ಮಾಡುವ ಶಕ್ತಿ ನನಗಿಲ್ಲ. ನಡೆದದ್ದನ್ನು ಹೇಳುತ್ತೇನೆ. ಲಿಯಾನಾನನ್ನು ನಾನೇ ಕೂರಿಸಿಕೊಂಡು, ನನ್ನ ಮಗಳ ಸಿನಿಮಾದಿಂದ ನಿನಗೆ ನೋವಾಗಿದ್ದರೆ ನಾನು ತಪ್ಪೊಪ್ಪಿಕೊಳ್ಳುತ್ತೇನೆ ಅಂದೆ. ಅವನು ತಕ್ಷಣ ಎದ್ದು ನಿಂತುಬಿಟ್ಟ. ನಾನು ದೊಡ್ಡವನು, ಅವನಿಗೆ ಸಂಕೋಚ. ‘ಹಾಗೇನಿಲ್ಲ ಸಾಬ್. ಮಕ್ಕಳ ಸಿನಿಮಾ’ ಅಂದ. ಆಮೇಲೆ, ‘ಮಗಳನ್ನು ಶಿಲ್ಲಾಂಗಿಗೇ ಕಳಿಸುತ್ತೇನೆ. ನಮಗೆ ಹತ್ತಿರ’ ಅಂದ. ಆ ಹುಡುಗಿಗೆ ದೆಹಲಿಯ ಕಾಲೇಜಿನಲ್ಲಿ ಓದಬೇಕೆಂದು ಎಷ್ಟು ಆಸೆಯಿತ್ತೆಂದು ನನಗೆ ಗೊತ್ತು. ಅವಳ ಮಾರ್ಕ್ಸ್ ಕಾರ್ಡನ್ನು ಅವನು ಈ ಟೇಬಲ್ಲಿನ ಮೇಲೇ ಹರಡಿ ತೋರಿಸಿದ್ದ.

ಅವನು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಹೀಗೆ ಮಾಡು, ಹಾಗೆ ಮಾಡು ಅಂತ ನಾನು ಹೇಳುವುದಿಲ್ಲ. ನೀನು ದೊಡ್ಡವಳಾಗಿದ್ದೀಯೆ. ನನ್ನ ಸರ್ವಿಸ್ ಇನ್ನು ಎಂಟು ತಿಂಗಳು. ಬಂದ ಮೇಲೆ ಕೂತು ಮಾತಾಡೋಣ.

ಅಪ್ಪ

*

ಜನಕಪುರಿ
೨೨ ಏಪ್ರಿಲ್ ೨೦೦೭

ಪ್ರೀತಿಯ ಅಪ್ಪ,

ಮೂರು ತಿಂಗಳು ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ನನ್ನನ್ನು ನಾನೇ ಸಮರ್ಥಿಸಿಕೊಳ್ಳುತ್ತಿದ್ದೆ. ಆ ಹಾಳೆಗಳನ್ನು ನಾನೂ ಹರಿದೆ.

ಮೊದಲು ಜನವರಿಯ ಆ ಬುಧವಾರದ ವಿಷಯ. ರಿನ್‌ಪುಯಿ ಖಾಲಿ ಮಾಡಿದ ದಿನ ನಾನು ಮನೆಯಲ್ಲೇ ಇದ್ದೆ. ಅವಳು ಪೆಟ್ಟಿಗೆ ಇಳಿಸುವ ಸದ್ದು ಕೇಳಿದಾಗ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಅವ್ವ ಶಾಲೆಯಿಂದ ಆಗತಾನೆ ಬಂದಿದ್ದರು. ಟ್ರ್ಯಾಕ್‌ಸೂಟಿನಲ್ಲೇ ಮೇಲೆ ಹೋಗಿ, ಅವಳ ಹಾಸಿಗೆಯ ಗಂಟನ್ನು ಹೆಗಲಿಗೇರಿಸಿಕೊಂಡು, ಎಲ್ಲರೂ ನೋಡುತ್ತಿರುವಾಗ ಗೇಟಿನವರೆಗೆ ನಡೆದು ಆಟೋ ಹತ್ತಿಸಿದರು. ವಾಪಸು ಬರುವಾಗ ಮಾಲೀಕರ ಬಾಗಿಲಲ್ಲಿ ನಿಂತರು. ನಾನು ಮೇಲಿನಿಂದ ಕೇಳಿಸಿಕೊಂಡೆ. ‘ಆ ಸಿನಿಮಾ ಮಾಡಿದವಳು ನನ್ನ ಮಗಳು. ಖಾಲಿ ಮಾಡಿಸುವುದಿದ್ದರೆ ನಮ್ಮನ್ನು ಮಾಡಿಸಬೇಕಿತ್ತು’ ಅಂದರು. ಮಾಲೀಕರು ನಕ್ಕು, ಮೇಡಂ ಜೀ, ನೀವು ನಮ್ಮ ಮನೆಯವರೇ ಅಲ್ಲವೇ ಅಂದರು. ಅವ್ವ ಮೇಲೆ ಬಂದು ಗೋಡೆಗೊರಗಿ ಕೂತರು. ನನ್ನ ಕಡೆ ನೋಡಲಿಲ್ಲ. ಮಾಲೀಕರ ನೆಂಟರು ಇವತ್ತಿನವರೆಗೂ ಬಂದಿಲ್ಲ.

ನಿಮ್ಮ ಫೆಬ್ರವರಿಯ ಕಾಗದ ಬಂದ ಮೇಲೆ ಸರ್ ಹತ್ತಿರ ಹೋಗಿ ಸಿನಿಮಾ ವಾಪಸು ಕೊಡಿ, ಚಾನೆಲ್‌ಗೆ ಬೇಡ ಅಂದೆ. ಅಡ್ಮಿಷನ್ ದಿನ ಸೈನ್ ಮಾಡಿದ ಫಾರ್ಮ್ ತೋರಿಸಿದರು. ನಾವು ಮಾಡಿದ್ದೆಲ್ಲ ಕಾಲೇಜಿನದು. ಹಾಗಾದರೆ ನನ್ನ ಹೆಸರು ತೆಗೆಯಿರಿ ಅಂದೆ. ಅದನ್ನು ತೆಗೆದರು, ಐದು ನಿಮಿಷದ ಕೆಲಸ. ಏಪ್ರಿಲ್ ಎಂಟು, ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಬಂತು. ನಾವು ಹಾಕಲಿಲ್ಲ. ಕೆಳಗಿನ ಮನೆಯಲ್ಲಿ ಹಾಕಿದ್ದರು, ಎಲ್ಲ ಕೇಳಿಸಿತು.

ನೀವು ಕೇಳಿದ ಎರಡನೆಯ ಪ್ರಶ್ನೆಗೆ ನಾನು ಪೂರ್ತಿ ಉತ್ತರ ಕೊಟ್ಟಿರಲಿಲ್ಲ ಅಪ್ಪ. ರೋಹಿಣಿಯಲ್ಲಿ ಆವತ್ತು ನಾನು ಅವ್ವನ ಪಕ್ಕದಲ್ಲಿ ಇರಲಿಲ್ಲ. ಮಾಲ್ಕಿನ್ ಹಿಂದೆ ಇದ್ದೆ. ಅವಳ ದುಪಟ್ಟಾದ ಅಂಚಿನಿಂದ ಅವ್ವನನ್ನು ನೋಡಿದೆ. ಒಲೆಯ ಮುಂದೆ, ಕೂದಲು ಕೆದರಿಕೊಂಡು, ಏನೋ ಒಂದೇ ಶಬ್ದವನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ನನಗೆ ಅವ್ವನನ್ನು ಕಂಡು ಹೆದರಿಕೆಯಾಯಿತು. ಮೂಗು ಮುಚ್ಚಿಕೊಂಡೆ. ಆಮೇಲೆ ಶಾಲೆಗೆ ಬರೀ ಪರಾಠಾ ಕಟ್ಟು ಅಂತ ಹಟ ಮಾಡಿದ್ದೂ ಅದಕ್ಕೇ. ಸಿನಿಮಾದಲ್ಲಿ ಕ್ಯಾಮೆರಾ ಇಟ್ಟಿದ್ದು ನಾನು ನಿಂತಿದ್ದ ಜಾಗದಲ್ಲೇ. ಬೇರೆ ಜಾಗ ಇದೆ ಅಂತ ನನಗೆ ಹೊಳೆಯಲೇ ಇಲ್ಲ. ಇದನ್ನು ಅವ್ವನಿಗೆ ಹೇಳಬೇಡಿ.

ಹೋದ ವಾರ ಮೆಟ್ರೋ ಹಿಡಿದು ಕರೋಲ್ ಬಾಗಿಗೆ ಹೋದೆ. ಪಾರ್ಲರ್ ಒಂದು ಚಪ್ಪಲಿ ಅಂಗಡಿಯ ಮೇಲಿದೆ. ರಿನ್‌ಪುಯಿ ಒಬ್ಬರ ಹುಬ್ಬು ತೀಡುತ್ತಿದ್ದಳು. ಹಲ್ಲಲ್ಲಿ ದಾರ ಕಚ್ಚಿಕೊಂಡೇ ನನ್ನನ್ನು ನೋಡಿದಳು, ಕೂರು ಅಂತ ಸನ್ನೆ ಮಾಡಿದಳು. ಅರ್ಧ ಗಂಟೆ ಕೂತೆ. ಆ ಗಿರಾಕಿ ಎದ್ದ ಮೇಲೆ ಬಂದು ನಿಂತಳು. ಈಗ ರೋಹಿಣಿಯಲ್ಲಿ ನಾಲ್ಕು ಹುಡುಗಿಯರ ಜೊತೆ ಒಂದೇ ಕೋಣೆಯಂತೆ. ನಾನು ಸಾರಿ ಅಂದೆ. ನನ್ನಿಂದ ನಿನ್ನ ಮನೆ ಹೋಯಿತು ಅಂದೆ. ಅವಳು ಟವೆಲ್ ಮಡಚುತ್ತಿದ್ದಳು. ಮನೆ ಮೊದಲೂ ಎರಡು ಸಲ ಹೋಗಿದೆ, ಅದಕ್ಕೆ ಸಿನಿಮಾ ಬೇಕಾಗಿರಲಿಲ್ಲ ಅಂತ ನಿಧಾನಕ್ಕೆ ಹೇಳಿದಳು. ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

‘ಆ ಶಾಟಿನಲ್ಲಿ ನಿನ್ನ ಊರು ನೆನಪಿಸಿಕೋ, ಕಣ್ಣು ಮಿಟುಕಿಸಬೇಡ ಅಂತ ನೀನು ಅಂದಿದ್ದೆ. ನಾನು ಅಮ್ಮನನ್ನು ನೆನೆಸಿಕೊಂಡೆ. ನೀನು ಆ ಮುಖದ ಮೇಲೆ ಮಗುವಿನ ಕಿರುಚಾಟ ಹಾಕಿದೆ.’

ಅವಳು ಸಿಟ್ಟಿನಿಂದ ಹೇಳಲಿಲ್ಲ ಅಪ್ಪ. ದಿನವಿಡೀ ನಿಂತು ಕಾಲು ನೋವಾದವರು ಹೇಳುವ ಹಾಗೆ ಹೇಳಿದಳು. ಲುಂಗ್ಲೇಯಲ್ಲಿರುವ ಅವಳ ಅಮ್ಮನಿಗೆ, ಸಿನಿಮಾದಲ್ಲಿ ಪಾರ್ಟು ಮಾಡಿದ್ದೇನೆ ಅಂತ ಸೆಪ್ಟೆಂಬರಿನಲ್ಲೇ ಫೋನ್ ಮಾಡಿ ಹೇಳಿಬಿಟ್ಟಿದ್ದಾಳೆ. ಚರ್ಚಿನಲ್ಲೂ ಎಲ್ಲರಿಗೂ ಗೊತ್ತಾಗಿದೆ. ಯಾವಾಗ ಕಳಿಸುತ್ತೀಯ ಅಂತ ಅಮ್ಮ ಪ್ರತಿ ವಾರ ಕೇಳುತ್ತಾರಂತೆ. ಯಾವುದನ್ನು ಕಳಿಸಲಿ ಅಂತ ನನ್ನನ್ನೇ ಕೇಳಿದಳು. ಕ್ಯಾಮೆರಾದ ಟೇಪ್ ನನ್ನ ಹತ್ತಿರ ಇದೆ, ಅದರಿಂದ ಚಂದದ್ದು ಏನಾದರೂ ಎಡಿಟ್ ಮಾಡಿ ಕೊಡುತ್ತೇನೆ ಅಂದೆ. ಎಡಿಟ್ ಬೇಡ ಅಂದಳು. ಹೇಗಿದೆಯೋ ಹಾಗೇ ಕೊಡು.

ಮನೆಗೆ ಬಂದು ಟೇಪನ್ನು ಟಿವಿಗೆ ಹಾಕಿದೆ. ಅವ್ವನೂ ಬಂದು ಕೂತರು. ಸಿನಿಮಾಗೆ ತೆಗೆದುಕೊಂಡಿದ್ದು ಒಂಬತ್ತು ಸೆಕೆಂಡ್. ಟೇಪಿನಲ್ಲಿ ಆ ಶಾಟಿಗೆ ಹನ್ನೊಂದು ಟೇಕ್ ಇವೆ. ಒಂದೊಂದರಲ್ಲೂ ಅವಳು ಉಸಿರು ಬಿಗಿಹಿಡಿದು ನೋಡುತ್ತಾಳೆ. ನಾನು ಕಟ್ ಅನ್ನುತ್ತೇನೆ. ತಕ್ಷಣ ಅವಳ ಮುಖ ಸಡಿಲವಾಗುತ್ತದೆ, ಕ್ಯಾಮೆರಾದ ಪಕ್ಕಕ್ಕೆ ನನ್ನ ಕಡೆ ತಿರುಗಿ, ‘ಠೀಕ್ ಥಾ, ಬೃಂದಾ?’ ಸರಿಯಾಗಿತ್ತಾ ಅಂತ ಕೇಳುತ್ತಾಳೆ. ಹತ್ತು ಸಲ ನಾನು ಅಂದಿದ್ದು ಒಂದೇ, ಒನ್ಸ್ ಮೋರ್. ಹನ್ನೊಂದನೆಯ ಸಲ ಅದೂ ಇಲ್ಲ, ಕ್ಯಾಮೆರಾ ಆಫ್ ಮಾಡಿದ್ದೇನೆ.

ಅವ್ವ ಕೇಳಿದರು, ‘ಆ ಹುಡುಗಿಗೆ ಉತ್ತರ ಹೇಳಲೇ ಇಲ್ಲವಾ ನೀನು?’

ಪೂರ್ತಿ ಟೇಪನ್ನು ಒಂದು ಕತ್ತರಿಯೂ ಹಾಕದೆ ಸಿಡಿ ಮಾಡಿಸಿದೆ. ನಿನ್ನೆ ಒಯ್ದು ಕೊಟ್ಟೆ. ಶನಿವಾರ, ಪಾರ್ಲರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿಡಿಯನ್ನು ತಿರುಗಿಸಿ ನೋಡಿದಳು. ಮೇಲೆ ಅವಳ ಪೂರ್ತಿ ಹೆಸರು ಬರೆದಿದ್ದೆ. ಅದನ್ನು ಓದಿ, ಏಪ್ರನ್ ಜೇಬಿಗೆ ಹಾಕಿಕೊಂಡಳು. ಮೆಟ್ರೋದಲ್ಲಿ ದಾರಿಯುದ್ದಕ್ಕೂ ನಾನು ಉತ್ತರವನ್ನು ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮುಂದಿನ ಗಿರಾಕಿಯನ್ನು ಕರೆದಳು. ಆ ಹೆಂಗಸು ಕುರ್ಚಿಗೆ ಹೋಗಲು ದಾರಿಯಿಲ್ಲದೆ ನನ್ನನ್ನೇ ನೋಡುತ್ತಿದ್ದರು. ನಾನು ಗೋಡೆಗೆ ಸರಿದು ನಿಂತೆ.

ನಿಮ್ಮ ಮಗಳು
ಬೃಂದಾ